ಸ್ಟೆಂಟ್ ಹಾಕಿಸಿಕೊಂಡ ತಂದೆಯನ್ನು ಸಿನಿಮಾಕ್ಕೆ ಕರೆದೊಯ್ಯಬಹುದೇ?

ಪ್ರಶ್ನೆ: ಡಾಕ್ಟರೇ, ನಮ್ಮದು ಗಂಗಾವತಿ. ತಂದೆಯವರಿಗೆ 63 ವರ್ಷ. ಎರಡು ವರ್ಷಗಳ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಸಕ್ಕರೆ ಕಾಯಿಲೆ ಮಾತ್ರೆಯಿಂದ ಹತೋಟಿಯಲ್ಲಿದೆ. ಅವರಿಗೆ ಸಿನಿಮಾ ಎಂದರೆ ಪ್ರಾಣ, ಅದೂ ಬಿಡುಗಡೆಯ ದಿನವೇ ನೋಡಬೇಕು. ನಮ್ಮ ಭಾವ ‘ಸಿನಿಮಾ ನೋಡುತ್ತಲೇ ಪ್ರೇಕ್ಷಕ ಸಾವು’ ಎಂಬಂಥ ಸುದ್ದಿಗಳನ್ನು ಒಂದರ ಮೇಲೊಂದು ಮೊಬೈಲಿಗೆ ಕಳಿಸುತ್ತಿದ್ದಾರೆ. ಅವನ್ನು ಓದಿ ಅಮ್ಮ ಹೆದರಿ, ಇನ್ನು ಟಾಕೀಸಿನ ಕಡೆ ತಲೆ ಹಾಕಕೂಡದು ಎಂದು ಹಟ ಹಿಡಿದಿದ್ದಾರೆ. ಸಿನಿಮಾ ನೋಡಿ ನಿಜವಾಗಿಯೂ ಜನ ಸಾಯುತ್ತಾರೆಯೇ? ಅಲ್ಲಿ ಅವರಿಗೆ ಏನಾದರೂ ಆದರೆ ಹಿರಿಯ ಮಗನಾದ ನಾನು ಏನು ಮಾಡಬೇಕು?

ಉತ್ತರ: ಕರೆದುಕೊಂಡು ಹೋಗಿ. ಬಿಡುಗಡೆಯ ದಿನ ಮಾತ್ರ ಬೇಡ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಭಾವ ಕಳಿಸಿದ ಸುದ್ದಿಗಳು ಸುಳ್ಳಲ್ಲ, ಅವರು ಕಟ್ಟಿಕೊಂಡ ಅರ್ಥ ಮಾತ್ರ ತಪ್ಪು. ಅದನ್ನು ನಿಮ್ಮ ತಾಯಿಯವರಿಗೆ ತಿಳಿಯುವಂತೆ ಹೇಳಬೇಕಾದರೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು. ಬಳ್ಳಾರಿಯಲ್ಲಿ ಕನ್ನಡ, ತೆಲುಗು ಎರಡೂ ಚಿತ್ರಗಳನ್ನು ನೋಡಿಕೊಂಡು ಬೆಳೆದ ನನಗೆ, ಸಿನಿಮಾ ಬಿಟ್ಟುಬಿಡಿ ಎಂದು ಒಬ್ಬ ರಸಿಕನಿಗೆ ಹೇಳುವ ಬಾಯಿಯೂ ಬರುವುದಿಲ್ಲ.

ಇಂಥ ಸಾವುಗಳು ಆಗಿವೆ. 2004ರಲ್ಲಿ ಅಮೆರಿಕದ ವಿಚಿಟಾದಲ್ಲಿ ಯೇಸುವಿನ ಶಿಲುಬೆಯ ದೃಶ್ಯ ನೋಡುತ್ತಿದ್ದ ಮಹಿಳೆಯೊಬ್ಬರು ಕುಸಿದು ತೀರಿಕೊಂಡರು. 2010ರಲ್ಲಿ ತೈವಾನ್‌ನಲ್ಲಿ ತ್ರಿಡಿ ಚಿತ್ರ ನೋಡುತ್ತಾ ಅಸ್ವಸ್ಥರಾದ 42 ವರ್ಷದವರೊಬ್ಬರು ಕೆಲವು ದಿನಗಳಲ್ಲಿ ಅಸುನೀಗಿದರು. ಅವರಿಗೆ ರಕ್ತದೊತ್ತಡ ಮೊದಲೇ ಇತ್ತು. 2016ರಲ್ಲಿ ತಿರುವಣ್ಣಾಮಲೈಯಲ್ಲಿ ದೆವ್ವದ ಚಿತ್ರ ನೋಡಲು ಹೋಗಿದ್ದ 65 ವರ್ಷದ ಹಿರಿಯರು, 2022ರ ಡಿಸೆಂಬರಿನಲ್ಲಿ ಆಂಧ್ರದ ಪೆದ್ದಾಪುರದಲ್ಲಿ ಮತ್ತೊಬ್ಬರು. ನಮಗೆ ತೀರಾ ಹತ್ತಿರದ್ದೆಂದರೆ ರಾಯದುರ್ಗದ್ದು. 2024ರ ಡಿಸೆಂಬರಿನಲ್ಲಿ ಅಲ್ಲಿ ಮ್ಯಾಟಿನಿ ಮುಗಿದು ಜನ ಹೊರಟ ಮೇಲೆ ಸ್ವಚ್ಛತೆಗೆ ಬಂದವರಿಗೆ ಸುಮಾರು 35 ವರ್ಷದ ಪ್ರೇಕ್ಷಕರೊಬ್ಬರು ಸತ್ತುಬಿದ್ದಿರುವುದು ಕಂಡಿತು. ಈ ಕೊನೆಯ ಪ್ರಕರಣಕ್ಕೆ ಮತ್ತೆ ಬರುತ್ತೇನೆ, ನಿಮ್ಮ ಪ್ರಶ್ನೆಯ ಮುಖ್ಯ ಎಳೆ ಇರುವುದು ಅಲ್ಲಿ.

ಇಂಥ ಸುದ್ದಿಯಲ್ಲಿ ಚಿತ್ರದ ಹೆಸರು ದಪ್ಪಕ್ಷರದಲ್ಲಿರುತ್ತದೆ, ಸತ್ತವರ ಬಿಪಿ, ಸಕ್ಕರೆ, ಬೀಡಿಯ ಲೆಕ್ಕ ಇರುವುದಿಲ್ಲ. ಸಿಂಧನೂರಿಗೆ ಹೊರಟ ಬಸ್ಸಿನಲ್ಲಿ ಒಬ್ಬರು ಸೀಟಿಗೊರಗಿದಂತೆಯೇ ಹೋದರೆ, ಎಪಿಎಂಸಿ ಅಂಗಳದಲ್ಲಿ ಭತ್ತದ ಚೀಲದ ಮೇಲೆ ಕೂತವರು ಹಾಗೆಯೇ ಉರುಳಿದರೆ ಅದು ಆ ಊರಿನಾಚೆ ಸುದ್ದಿಯಾಗುವುದಿಲ್ಲ. ಭಾರತದಲ್ಲಿ ಸಂಭವಿಸುವ ಸಾವುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ. 52 ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಪ್ರಕಾರ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲಿ ಬರುತ್ತದೆ, ಉಳಿದವರಿಗಿಂತ ಐದಾರು ವರ್ಷ ಮೊದಲೇ. ಇಷ್ಟು ಹೃದ್ರೋಗಿಗಳಿರುವ ನಾಡಿನಲ್ಲಿ, ಇಷ್ಟು ಸಿನಿಮಾ ನೋಡುವ ಜನರ ನಡುವೆ, ಕೆಲವರ ಕೊನೆಯ ಗಳಿಗೆ ಟಾಕೀಸಿನಲ್ಲಿ ಬರುವುದು ಆಶ್ಚರ್ಯವೇನಲ್ಲ.

ಹಾಗೆಂದು ಉದ್ವೇಗಕ್ಕೂ ಹೃದಯಕ್ಕೂ ಸಂಬಂಧವೇ ಇಲ್ಲವೆಂದರೆ ಅದೂ ತಪ್ಪಾದೀತು. 2006ರ ವಿಶ್ವಕಪ್ ಫುಟ್‌ಬಾಲ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ವೈದ್ಯರು ಲೆಕ್ಕ ಇಟ್ಟಿದ್ದರು. ಜರ್ಮನಿಯ ತಂಡ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಬೇರೆ ದಿನಗಳ 2.66 ಪಟ್ಟು ಬಂದವು. ಮೊದಲೇ ಹೃದ್ರೋಗ ಇದ್ದವರಲ್ಲಿ ಅದು ನಾಲ್ಕು ಪಟ್ಟು. ಭಾವೋದ್ರೇಕದಲ್ಲಿ ಅಡ್ರಿನಲಿನ್ ಏರುತ್ತದೆ, ನಾಡಿ ಓಡುತ್ತದೆ, ಒತ್ತಡ ಹೆಚ್ಚುತ್ತದೆ, ರಕ್ತನಾಳದ ಒಳಗೋಡೆಯಲ್ಲಿ ಕೂತ ಕೊಬ್ಬಿನ ಗಡ್ಡೆ ಬಿರಿಯುವ ಸಂಭವ ಆ ಹೊತ್ತಿನಲ್ಲಿ ಜಾಸ್ತಿ. ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ 24 ಮಂದಿ ಆರೋಗ್ಯವಂತರಿಗೆ ಒಂದು ಭಯಾನಕ ಚಿತ್ರ, ಒಂದು ಸಪ್ಪೆ ಶೈಕ್ಷಣಿಕ ಚಿತ್ರ ತೋರಿಸಿ ರಕ್ತ ಪರೀಕ್ಷಿಸಿದ್ದರು. ಭಯಾನಕ ಚಿತ್ರದ ನಂತರ ಹೆಪ್ಪುಗಟ್ಟಲು ನೆರವಾಗುವ ಎಂಟನೆಯ ಅಂಶ ಸ್ವಲ್ಪ ಏರಿತ್ತು, ಆದರೆ ಹೆಪ್ಪುಗಟ್ಟುವ ಕ್ರಿಯೆ ಮುಂದಕ್ಕೆ ಸಾಗಿದ ಲಕ್ಷಣ ಕಾಣಲಿಲ್ಲ.

ಇದನ್ನು ನಿಮ್ಮ ತಂದೆಯವರಿಗೆ ಅನ್ವಯಿಸಿ ನೋಡಿ. ಫುಟ್‌ಬಾಲ್ ಪಂದ್ಯದ ಫಲಿತಾಂಶ ಯಾರಿಗೂ ಗೊತ್ತಿರುವುದಿಲ್ಲ, ನಮ್ಮ ಚಿತ್ರಗಳಲ್ಲಿ ನಾಯಕ ಗೆಲ್ಲುತ್ತಾನೆಂಬುದು ಟಿಕೆಟ್ ಹರಿಯುವವನಿಗೂ ಗೊತ್ತು. ಸಾಮಾನ್ಯ ಚಿತ್ರವೊಂದು ಹೃದಯಕ್ಕೆ ಕೊಡುವ ಕೆಲಸ ಮೆಟ್ಟಿಲು ಹತ್ತುವಾಗಿನ ಕೆಲಸಕ್ಕಿಂತ ಹೆಚ್ಚಲ್ಲ. ಅವರು ನಿಲ್ಲದೆ ಎರಡು ಮಹಡಿ ಹತ್ತುತ್ತಾರೆಯೇ? ಎದೆ ಹಿಡಿದಂತಾಗದೆ, ಏದುಸಿರು ಬರದೆ ಹತ್ತುವುದಾದರೆ, ಮಾತ್ರೆಗಳನ್ನು ತಪ್ಪಿಸದೆ ನುಂಗುತ್ತಿದ್ದರೆ, ಇತ್ತೀಚಿನ ತಪಾಸಣೆ ಸರಿಯಿದ್ದರೆ, ಮೂರು ಗಂಟೆ ಕೂತು ಸಿನಿಮಾ ನೋಡಲು ನನ್ನ ಅಭ್ಯಂತರವಿಲ್ಲ. ಹತ್ತಲಾಗದಿದ್ದರೆ ಸಿನಿಮಾ ಮಾತು ಆಮೇಲೆ, ಮೊದಲು ಹೃದ್ರೋಗ ತಜ್ಞರಿಗೆ ತೋರಿಸಿ.

ಇನ್ನು ರಾಯದುರ್ಗ. ಟಾಕೀಸಿನ ನಿಜವಾದ ಅಪಾಯ ಪರದೆಯ ಮೇಲಿನದಲ್ಲ, ಕತ್ತಲೆಯದು. ತುಂಬಿದ ಸಭಾಂಗಣದಲ್ಲಿ ಒಬ್ಬ ಮನುಷ್ಯ ಸಾಯುತ್ತಿದ್ದರೂ ಪಕ್ಕದವನ ಕಣ್ಣು ಪರದೆಯ ಮೇಲಿರುತ್ತದೆ. ಕತ್ತು ವಾಲಿದರೆ ನಿದ್ದೆ ಬಂದಿದೆ ಎನ್ನುತ್ತೇವೆ. ಬಾಯಿ ತೆರೆದು ಗೊರಗೊರ ಸದ್ದು ಮಾಡಿದರೆ ಗೊರಕೆ ಎಂದು ನಗುತ್ತೇವೆ. ಆ ಸದ್ದನ್ನು ಕುರಿತು ಎರಡು ಮಾತು ಹೇಳಲೇಬೇಕು. ಹೃದಯ ನಿಂತ ಮೊದಲ ಕೆಲವು ನಿಮಿಷ ಅನೇಕರು ಹಾಗೆ ಬಿಟ್ಟು ಬಿಟ್ಟು ಉಸಿರೆಳೆಯುತ್ತಾರೆ. ಒಂದು ಸಲ ಎಳೆದರೆ ಮುಂದಿನದಕ್ಕೆ ಎಷ್ಟೋ ಸೆಕೆಂಡು, ದವಡೆ ಮೀನಿನ ಹಾಗೆ ಆಡುತ್ತದೆ. ಕೈಕಾಲು ಒಂದೆರಡು ಬಾರಿ ಸೆಟೆಯಲೂಬಹುದು. ಆಗ ನಮ್ಮವರು ಮೂರ್ಛೆರೋಗ ಎಂದು ಕೈಗೆ ಬೀಗದ ಕೈ ತುರುಕುತ್ತಾರೆ. ಅದು ಉಸಿರಾಟವೂ ಅಲ್ಲ, ಮೂರ್ಛೆರೋಗವೂ ಅಲ್ಲ, ಹೃದಯ ಸ್ತಂಭನ. ಆ ಗಳಿಗೆಯಿಂದ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ.

ನಮ್ಮ ಕಡೆ ಇನ್ನೊಂದು ಅಡ್ಡಿಯಿದೆ. ಇಂಟರ್‌ವಲ್‌ನಲ್ಲಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿಂದಿರುತ್ತಾರೆ. ಸ್ವಲ್ಪ ಹೊತ್ತಿಗೆ ಎದೆ ನಡುವೆ ಭಾರ, ಬೆವರು. ಕೂಡಲೇ ಗ್ಯಾಸ್ ಎಂದು ತೀರ್ಮಾನ, ಒಂದು ಗೋಲಿ ಸೋಡಾ, ಬೆನ್ನಿಗೆ ನಾಲ್ಕು ಗುದ್ದು. ಸೋಡಾ ಕುಡಿದು ತೇಗು ಬಂದರೆ ರೋಗಿಗೂ ಸಮಾಧಾನ, ಜೊತೆಯವರಿಗೂ ಸಮಾಧಾನ, ಸಿನಿಮಾ ಮುಂದುವರಿಯುತ್ತದೆ. ಸೆಕೆಂಡ್ ಶೋ ಮುಗಿಸಿ, ಮನೆಗೂ ಹೋಗಿ, ಬೆಳಗಿನ ಜಾವ ಆಸ್ಪತ್ರೆಗೆ ಬರುವವರನ್ನು ನಾನು ಇಂದಿಗೂ ನೋಡುತ್ತೇನೆ. ಅಷ್ಟು ಹೊತ್ತಿಗೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಕಾಣದೆ ಬರೀ ಬೆವರು, ಸುಸ್ತು, ವಾಕರಿಕೆ ಇರಬಹುದು. ಆದ್ದರಿಂದ ನಿಮ್ಮ ತಂದೆಯವರಿಗೆ ಎದೆ, ದವಡೆ, ಭುಜ, ಎಡಗೈ ಎಲ್ಲಿಯಾದರೂ ಹಿಂಡಿದಂತಾಗಿ ಹತ್ತು ನಿಮಿಷವಾದರೂ ಇಳಿಯದಿದ್ದರೆ ಚಿತ್ರದ ಕ್ಲೈಮ್ಯಾಕ್ಸ್ ಬಿಟ್ಟು ಏಳಿ. ಅವರು ಒಪ್ಪುವುದಿಲ್ಲ, ನನಗೆ ಗೊತ್ತು. ಎಬ್ಬಿಸಿ.

ಪ್ರಜ್ಞೆಯೇ ತಪ್ಪಿದರೆ ಏನು ಮಾಡಬೇಕೆಂದು ಕೇಳಿದ್ದೀರಿ. ಭುಜ ಹಿಡಿದು ಜೋರಾಗಿ ಅಲುಗಾಡಿಸಿ ಕೂಗಿ. ಉತ್ತರವಿಲ್ಲ, ಉಸಿರು ಸರಿಯಿಲ್ಲ ಎಂದರೆ ಮೊದಲ ಕೆಲಸ ಬೆಳಕು. ‘ಲೈಟ್ ಹಾಕಿ, ಸಿನಿಮಾ ನಿಲ್ಲಿಸಿ’ ಎಂದು ಕಿರುಚಿ, ಒಬ್ಬರನ್ನು ಆಪರೇಟರ್ ಕೋಣೆಗೆ ಓಡಿಸಿ. ಸಂಕೋಚದಿಂದ ಪಿಸುಗುಟ್ಟುವ ಹೊತ್ತಲ್ಲ ಅದು. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ, ಮತ್ತೊಬ್ಬರು ಹೊರಗೇಟಿನಲ್ಲಿ ನಿಂತು ಆಂಬುಲೆನ್ಸಿಗೆ ದಾರಿ ತೋರಲಿ. ಬೈಕುಗಳು ಅಡ್ಡ ನಿಂತಿದ್ದರೆ ಸರಿಸಲಿ. ಕುರ್ಚಿಯಲ್ಲಿ ಕೂತವರ ಎದೆ ಒತ್ತಿ ಪ್ರಯೋಜನವಿಲ್ಲ, ಕುರ್ಚಿಗಳ ಸಾಲಿನ ಸಂದಿಯಲ್ಲೂ ಆಗುವುದಿಲ್ಲ. ಒಬ್ಬರು ಹಿಂದಿನಿಂದ ಎರಡೂ ಕಂಕುಳಲ್ಲಿ ಕೈ ತೂರಿಸಿ, ಇನ್ನೊಬ್ಬರು ಮೊಣಕಾಲು ಹಿಡಿದು, ನಡುವಿನ ಓಡಾಟದ ದಾರಿಗೆ ಎಳೆದು ಅಂಗಾತ ಮಲಗಿಸಿ. ಮೆಟ್ಟಿಲು ಮೆಟ್ಟಿಲಾದ ಜಾಗ ಬೇಡ, ಸಮತಟ್ಟಾದ ಗಟ್ಟಿ ನೆಲವಿರಬೇಕು.

ಎದೆಯ ನಟ್ಟನಡುವೆ ಒಂದು ಅಂಗೈಯ ಬುಡ ಊರಿ, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ, ನಿಮ್ಮ ಮೈಭಾರ ಬಿಟ್ಟು ಒತ್ತಿ. ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಎರಡು ನಿಮಿಷಕ್ಕೆ ಕೈಸೋಲುತ್ತದೆ, ಆಗ ಪಕ್ಕದವರು ಮುಂದುವರಿಸಲಿ. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬೇಡಿ, ಮುರಿದ ಎಲುಬು ಕೂಡಿಕೊಳ್ಳುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಾರದಿದ್ದರೆ ಬರೀ ಒತ್ತಿದರೂ ಸಾಕು. ಮುಖಕ್ಕೆ ನೀರು ಚಿಮುಕಿಸುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹೊಯ್ಯುವುದು ಬೇಡ. ಸುತ್ತ ಮೊಬೈಲ್ ಹಿಡಿದು ನಿಲ್ಲುವವರಿಗೆ ಒಂದೊಂದು ಕೆಲಸ ಹಚ್ಚಿ, ಆಗ ಚಿತ್ರೀಕರಣ ತಾನಾಗಿ ನಿಲ್ಲುತ್ತದೆ.

ಪ್ರಜ್ಞೆ ಇದ್ದು ಎದೆನೋವು ಮಾತ್ರ ಇದ್ದರೆ ದಾರಿ ಬೇರೆ. ಗಂಗಾವತಿಯಿಂದ ಬಳ್ಳಾರಿಗೆ ಕಡಿಮೆಯೆಂದರೂ ಒಂದೂವರೆ ಗಂಟೆ. ದೊಡ್ಡ ಆಸ್ಪತ್ರೆಗೇ ಹೋಗಬೇಕೆಂದು ನೇರವಾಗಿ ಕಾರು ಓಡಿಸುವವರು ದಾರಿಯಲ್ಲಿ ಅಮೂಲ್ಯ ಸಮಯ ಕಳೆದುಕೊಳ್ಳುತ್ತಾರೆ. ಮೊದಲು ಊರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ನಡೆಸುತ್ತಿದೆ. ಅದರಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಯ ಇಸಿಜಿಯನ್ನು ದೂರದಲ್ಲಿರುವ ತಜ್ಞರು ನೋಡಿ ಹೇಳುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಮೊದಲ ಮೂರು ಗಂಟೆಗಳಲ್ಲಿ ಬಿದ್ದರೆ ಅದರ ಗುಣ ಹೆಚ್ಚು. ಆಮೇಲೆ ಕೊಪ್ಪಳವೋ ಬಳ್ಳಾರಿಯೋ ಕಲಬುರಗಿಯ ಜಯದೇವವೋ, ವೈದ್ಯರು ಹೇಳಿದಲ್ಲಿಗೆ ಹೋಗಿ.

ಇಷ್ಟೆಲ್ಲ ಹೃದಯದ ಮಾತಾಯಿತು. ಆದರೆ ಚಿತ್ರಮಂದಿರಗಳಲ್ಲಿ ಒಂದೇ ಏಟಿಗೆ ಹತ್ತಾರು ಜನ ಸತ್ತಿರುವುದು ಹೃದಯಾಘಾತದಿಂದಲ್ಲ, ಬಾಗಿಲುಗಳಿಂದ. ಭಾವ ಕಳಿಸಿದ ಸುದ್ದಿಗಳಲ್ಲಿ ಇದು ಇರುವುದಿಲ್ಲ, ನನಗೆ ಹೆಚ್ಚು ಭಯ ಇದರದೇ. ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಗ್ಲೆನ್ ಸಿನಿಮಾದಲ್ಲಿ 1929ರ ಡಿಸೆಂಬರ್ 31ರಂದು ಮಕ್ಕಳ ಮ್ಯಾಟಿನಿ. ಆ ಕಾಲದ ನೈಟ್ರೇಟ್ ಫಿಲ್ಮಿನ ಡಬ್ಬಿಯೊಂದು ಹೊಗೆಯಾಡಿತು. ಡಬ್ಬಿಯನ್ನು ಹೊರಗೆಸೆದರು, ಸಭಾಂಗಣಕ್ಕೆ ಬೆಂಕಿ ಹತ್ತಲೇ ಇಲ್ಲ. ಆದರೆ ಹೊಗೆ ಕಂಡ ಮಕ್ಕಳು ಪರದೆಯ ಹಿಂದಿನ ಬಾಗಿಲಿಗೆ ಓಡಿದರು. ಅಲ್ಲಿನ ಕಬ್ಬಿಣದ ಮಡಿಚು ಗೇಟಿಗೆ ಬೀಗ. ಒಬ್ಬರ ಮೇಲೊಬ್ಬರು ಬಿದ್ದು ಸುಮಾರು 70 ಮಕ್ಕಳು ಉಸಿರುಕಟ್ಟಿ ಸತ್ತರು. ನೈಟ್ರೇಟ್ ಫಿಲ್ಮ್ 1950ರ ದಶಕದಲ್ಲಿ ಮರೆಯಾಯಿತು, ಈಗಂತೂ ಎಲ್ಲವೂ ಡಿಜಿಟಲ್. ಬೀಗ ಮಾತ್ರ ಇಂದಿಗೂ ಅದೇ ಬೀಗ.

ದೆಹಲಿಯ ಉಪಹಾರ್ ಚಿತ್ರಮಂದಿರ, 1997ರ ಜೂನ್ 13, ಮಧ್ಯಾಹ್ನದ ಆಟ. ನೆಲಮಹಡಿಯ ಟ್ರಾನ್ಸ್‌ಫಾರ್ಮರಿನಿಂದ ಹೊತ್ತಿದ ಬೆಂಕಿ ವಾಹನ ನಿಲುಗಡೆಯ ಜಾಗಕ್ಕೆ ಹಬ್ಬಿತು, ಹೊಗೆ ಮೆಟ್ಟಿಲ ಕೊಳವೆಯಲ್ಲಿ ಮೇಲೇರಿ ಬಾಲ್ಕನಿ ತುಂಬಿತು. ಬಾಲ್ಕನಿಯಲ್ಲಿ ಹೆಚ್ಚುವರಿ ಕುರ್ಚಿ ಹಾಕಿ ಒಂದು ಕಡೆಯ ಓಡಾಟದ ದಾರಿ ಮುಚ್ಚಿದ್ದರು, ಖಾಸಗಿ ಬಾಕ್ಸ್ ಕಟ್ಟಿ ಒಂದು ಹೊರದಾರಿಗೆ ಅಡ್ಡವಿಟ್ಟಿದ್ದರು. ಎದ್ದು ಹೊರಡಿ ಎಂದು ಯಾರೂ ಘೋಷಿಸಲಿಲ್ಲ. 59 ಮಂದಿ ಸತ್ತರು, ಸುಟ್ಟಲ್ಲ, ಉಸಿರುಗಟ್ಟಿ; ಗಾಯಗೊಂಡವರು ನೂರಕ್ಕೂ ಹೆಚ್ಚು. ಹೊಗೆ ಮೇಲಕ್ಕೇರುತ್ತದೆ, ಬಾಲ್ಕನಿಯವರಿಗೆ ಮೊದಲು ಮುಟ್ಟುತ್ತದೆ. ನಿಮ್ಮ ತಂದೆಯವರಿಗೆ ಬಾಲ್ಕನಿ ಬೇಡವೆನ್ನಲು ಮೆಟ್ಟಿಲು ಒಂದು ಕಾರಣ, ಇದು ಎರಡನೆಯದು.

ಸಂಖ್ಯೆ ಚಿಕ್ಕದಾದರೂ ಹೈದರಾಬಾದಿನ ಸಂಧ್ಯಾ ಚಿತ್ರಮಂದಿರದ ಘಟನೆ ನಿಮಗೆ ನೆನಪಿರಬೇಕು. 2024ರ ಡಿಸೆಂಬರ್ 4ರ ರಾತ್ರಿ ದೊಡ್ಡ ಚಿತ್ರವೊಂದರ ಪ್ರೀಮಿಯರ್‌ನಲ್ಲಿ ಕಾಲ್ತುಳಿತವಾಗಿ ಒಬ್ಬ ತಾಯಿ ಸತ್ತರು, ಮಗ ತೀವ್ರವಾಗಿ ಅಸ್ವಸ್ಥನಾದ. ಕಾಲ್ತುಳಿತ ಎನ್ನುತ್ತೇವಾದರೂ ಇಂಥಲ್ಲಿ ಬಹಳ ಮಂದಿ ಸಾಯುವುದು ನಿಂತ ನಿಲುವಿನಲ್ಲೇ. ನಾಲ್ಕೂ ಕಡೆಯಿಂದ ಮೈ ಒತ್ತಿ ಎದೆಗೂಡು ಹಿಗ್ಗಲು ಜಾಗವಿಲ್ಲದೆ ಉಸಿರು ನಿಲ್ಲುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿಯನ್ನು ಕಳೆದುಕೊಂಡ ಮೇಲೆ ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಂಪಿನಲ್ಲಿ ಸಿಕ್ಕಿಕೊಂಡರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಿಸಿ ಉಸಿರಿಗೆ ಜಾಗ ಮಾಡಿಕೊಳ್ಳಿ, ತಳ್ಳುವ ಕಡೆಗೇ ಹೆಜ್ಜೆ ಹಾಕುತ್ತಾ ಓರೆಯಾಗಿ ಅಂಚಿಗೆ ಸರಿಯಿರಿ, ಬಿದ್ದ ಚಪ್ಪಲಿಗಾಗಿ ಬಗ್ಗಬೇಡಿ. ಮೊದಲ ದಿನದ ಮೊದಲ ಆಟ ಬೇಡವೆಂದದ್ದು ಇದಕ್ಕೇ. ಗೇಟು ತೆರೆದೊಡನೆ ನುಗ್ಗುವ ಹುಡುಗರ ನಡುವೆ ಸ್ಟೆಂಟ್ ಹಾಕಿದ ಅರವತ್ತು ದಾಟಿದವರಿಗೆ ಏನು ಕೆಲಸ? ಪಟಾಕಿ ಬೇರೆ, ಕಟೌಟ್ ಬೇರೆ. ಪಕ್ಕದ ಗದಗ ಜಿಲ್ಲೆಯ ಸೂರಣಗಿಯಲ್ಲಿ 2024ರ ಜನವರಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಹೋದರು. ಆ ನಟರೇ ಮನೆಗಳಿಗೆ ಬಂದು ಇಂಥ ಅಭಿಮಾನ ಬೇಡವೆಂದರು.

ಒಳಗೆ ಹೋದಾಗ ಹೊರದಾರಿಯ ಬಾಗಿಲಿಗೆ ಬೀಗ, ಸರಪಳಿ ಕಂಡರೆ, ದಾರಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರೆ ಮ್ಯಾನೇಜರಿಗೆ ಹೇಳಿ. ಕೇಳದಿದ್ದರೆ ಜಿಲ್ಲಾಧಿಕಾರಿಗೆ ಬರೆಯಿರಿ. ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಪರವಾನಗಿ ಕೊಡುವವರು ಅವರು, ಅಮಾನತು ಮಾಡುವ ಅಧಿಕಾರವೂ ಅವರಿಗಿದೆ.

ಮೊಮ್ಮಕ್ಕಳೂ ಜೊತೆಗಿರುವುದಾದರೆ ಒಂದು ಮಾತು: ನಾಲ್ಕು ವರ್ಷದೊಳಗಿನವರಿಗೆ ಕತ್ತಲಲ್ಲಿ ಪಾಪ್‌ಕಾರ್ನ್, ಶೇಂಗಾ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಂಡ ಮಗು ಕೂಗಲಾರದು. ಮಿಂಚುವ ಬೆಳಕಿನಿಂದ ಮೂರ್ಛೆ ಬರುವುದು ಅಪಸ್ಮಾರ ಇರುವವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ, ನಿಮ್ಮ ಮನೆಗೆ ಅದು ಸಂಬಂಧಿಸಿದ್ದಲ್ಲ.

ಈಗ ನಿಮ್ಮ ತಂದೆಯವರ ಏರ್ಪಾಡು. ಬಿಡುಗಡೆಯ ಎರಡನೆಯ ವಾರ, ಸೋಮವಾರದಿಂದ ಗುರುವಾರದೊಳಗೆ ಒಂದು ಸಂಜೆ ಆಟ. ಏಪ್ರಿಲ್, ಮೇ ತಿಂಗಳಲ್ಲಿ ಮ್ಯಾಟಿನಿ ಬೇಡ. 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಟಿಕೆಟ್ ಸರದಿಯಲ್ಲಿ ನಿಲ್ಲುವುದು ಚಿತ್ರಕ್ಕಿಂತ ದೊಡ್ಡ ಶಿಕ್ಷೆ. ಕೆಳಗಿನ ಅಂತಸ್ತಿನಲ್ಲಿ, ಸಾಲಿನ ತುದಿಯ ಸೀಟು ಅವರಿಗೆ, ಪಕ್ಕದ್ದು ನಿಮಗೆ. ಊಟ ಬಿಟ್ಟು ಬರಕೂಡದು, ಸಕ್ಕರೆಯ ಮಾತ್ರೆ ನುಂಗಿ ಉಪವಾಸ ಕೂತರೆ ಸಕ್ಕರೆ ಕುಸಿದು ಬೆವರು, ನಡುಕ ಬಂದು ಅದನ್ನೇ ಹೃದಯಾಘಾತವೆಂದು ಹೆದರುತ್ತೀರಿ. ಜೇಬಿನಲ್ಲಿ ನಾಲ್ಕು ಪೆಪ್ಪರಮಿಂಟ್ ಇರಲಿ. ಇಂಟರ್‌ವಲ್‌ನಲ್ಲಿ ಎದ್ದು ಓಡಾಡಲಿ, ಹೊರಗೆ ಬೀಡಿ ಸೇದುವವರ ಗುಂಪಿನಿಂದ ದೂರ.

ಅವರ ವೈದ್ಯರು ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಬರೆದುಕೊಟ್ಟಿದ್ದರೆ ಅದನ್ನು ಮೇಲಿನ ಜೇಬಿನಲ್ಲಿ ಇಟ್ಟುಕೊಳ್ಳಲಿ, ಯಾವ ಜೇಬು ಎಂಬುದು ನಿಮಗೂ ಗೊತ್ತಿರಲಿ. ಎದೆನೋವು ಬಂದರೆ ಕೂತುಕೊಂಡೇ ಇಡಬೇಕು, ನಿಂತಲ್ಲ. ತಲೆಸುತ್ತಿ ಕಣ್ಣು ಕತ್ತಲಿಡುತ್ತಿದ್ದರೆ ಇಡಬೇಡಿ, ಒತ್ತಡ ಇನ್ನೂ ಕುಸಿಯುತ್ತದೆ. ಅವರಿಗೆ ಆಸ್ಪಿರಿನ್ ಒಗ್ಗುವುದಾದರೆ, ಕರಗುವ ಮಾತ್ರೆ ಸುಮಾರು 300 ಮಿಲಿಗ್ರಾಂ ಜಗಿದು ನುಂಗಿಸಿ ಆಸ್ಪತ್ರೆಗೆ ಹೊರಡಿ. ಇನ್ನೊಂದು: ಸಿಲ್ಡೆನಾಫಿಲ್, ಟಡಾಲಾಫಿಲ್ ಜಾತಿಯ ಲೈಂಗಿಕ ಸಾಮರ್ಥ್ಯದ ಮಾತ್ರೆ ತೆಗೆದುಕೊಂಡವರಿಗೆ ಒಂದೆರಡು ದಿನಗಳೊಳಗೆ ಸಾರ್ಬಿಟ್ರೇಟ್ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಇದನ್ನು ಮಗನಾಗಿ ತಂದೆಯನ್ನು ಕೇಳಲು ನಿಮಗೆ ಸಂಕೋಚವಾಗುವುದು ಸಹಜ. ಮುಂದಿನ ಬಾರಿ ತೋರಿಸಲು ಹೋದಾಗ ನೀವು ಹೊರಗೆ ನಿಂತು, ಅವರೊಬ್ಬರನ್ನೇ ಒಳಗೆ ಕಳಿಸಿ, ವೈದ್ಯರಿಗೆ ಮೊದಲೇ ಒಂದು ಮಾತು ಹೇಳಿಡಿ.